ಉತ್ತರ ಕೊರಿಯಾದ ಬಾಂಬ್ ಸುದ್ದಿ ಓದುವುದು ಹೇಗೆ?

2017ರ ಸೆಪ್ಟೆಂಬರ್ 3, ಭಾನುವಾರ. ಸಂಜೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಮ್ಯಾಪ್ ಬಂತು. ಉತ್ತರ ಕೊರಿಯಾದ ರಾಜಧಾನಿ ಪ್ಯೊಂಗ್ಯಾಂಗ್ ಮೇಲೆ ಕೆಂಪು ಚುಕ್ಕಿ, ಅದರ ಸುತ್ತ ದೊಡ್ಡದಾಗುತ್ತ ಹೋಗುವ ಕೆಂಪು ಬಳೆಗಳು. "ಉತ್ತರ ಕೊರಿಯಾ ಕ್ಷಿಪಣಿ ಬಿಟ್ಟಿದೆಯಂತೆ, ಬೆಂಗಳೂರಿಗೂ ತಲುಪುತ್ತಂತೆ" ಅಂತ ಚಿಕ್ಕಪ್ಪ ಬರೆದರು. ಅವತ್ತು ಕ್ಷಿಪಣಿ ಹಾರಿರಲೇ ಇಲ್ಲ. ನಡೆದದ್ದು ಬೆಟ್ಟದ ಅಡಿಯಲ್ಲಿ ಅಣುಬಾಂಬ್ ಪರೀಕ್ಷೆ.

ಓದಿಕೊಂಡವರೂ ಈ ಸುದ್ದಿಯಲ್ಲಿ ಹೀಗೆ ಎಡವುವುದನ್ನು ಎಷ್ಟೋ ವರ್ಷಗಳಿಂದ ನೋಡುತ್ತಿದ್ದೇನೆ. ಕೆಲವರು ಸುಮ್ನೆ ಹೆದರುತ್ತಾರೆ. ಕೆಲವರು ಅಲ್ಲಿನ ನಾಯಕ ಕಿಮ್ ಜಾಂಗ್ ಉನ್ ಅವರ ಕೂದಲಿನ ಕಟಿಂಗ್ ನೋಡಿ ನಗುತ್ತಾರೆ. ಎರಡೂ ಬೇಡ. ಒಂದು ನೋಟ್‌ಬುಕ್, ಪೆನ್ಸಿಲ್, ಗ್ಲೋಬ್ ಮತ್ತು ಸ್ವಲ್ಪ ಹೊಲಿಗೆ ದಾರ ತೆಗೆದುಕೊಂಡು ಕೂತುಕೊಳ್ಳಿ. ಗ್ಲೋಬ್ ದೊಡ್ಡದೇ ಇರಲಿ. ಪೆನ್ ಸ್ಟ್ಯಾಂಡ್ ಜೊತೆ ಬರುವ ನಿಂಬೆಹಣ್ಣಿನಷ್ಟರದ್ದು ಯಾವುದಕ್ಕೂ ಬರುವುದಿಲ್ಲ.

ಹೆಜ್ಜೆ 1: ಬಾಂಬೋ, ಕ್ಷಿಪಣಿಯೋ?

ನೆಲ ನಡುಗಿತು ಅಂದರೆ ಬಾಂಬ್. ಸಮುದ್ರಕ್ಕೆ ಬಿತ್ತು ಅಂದರೆ ಕ್ಷಿಪಣಿ. ಇಲ್ಲಿಯವರೆಗೆ ನಡೆದ ಅಣುಪರೀಕ್ಷೆಗಳು ಆರೇ ಆರು: 2006, 2009, 2013, 2016ರಲ್ಲಿ ಎರಡು, ಕೊನೆಯದು 2017. ಆರೂ ಪುಂಗ್ಯೆ-ರಿ ಎಂಬ ಒಂದೇ ಜಾಗದಲ್ಲಿ. ಕ್ಷಿಪಣಿ ಪರೀಕ್ಷೆಗಳಿಗೆ ಲೆಕ್ಕವೇ ಇಲ್ಲ.

ಹೆಜ್ಜೆ 2: ಭೂಕಂಪದ ಅಂಕಿ ಬರೆದುಕೊಳ್ಳಿ

ಬಾಂಬ್ ಆಗಿದ್ದರೆ ಮೊದಲು ಕಂಪನದ ಅಂಕಿ ಹುಡುಕಿ. ಅಲ್ಲಿನ ಸರ್ಕಾರಿ ಟಿವಿಯ ಮಾತು ಆಮೇಲೆ. ಬಂಡೆಯೊಳಗೆ ಬಾಂಬ್ ಸಿಡಿದರೆ ನೆಲವನ್ನು ಎಲ್ಲ ದಿಕ್ಕಿಗೂ ಒಂದೇ ಸಲ ಹೊರಕ್ಕೆ ತಳ್ಳುತ್ತದೆ. ಸಹಜ ಭೂಕಂಪದಲ್ಲಿ ಒಂದು ಕಡೆ ತಳ್ಳಿದರೆ ಇನ್ನೊಂದು ಕಡೆ ಎಳೆಯುತ್ತದೆ. ಸಾವಿರಾರು ಕಿ.ಮೀ. ದೂರದ ಯಂತ್ರಗಳಿಗೂ ಈ ವ್ಯತ್ಯಾಸ ಗೊತ್ತಾಗುತ್ತದೆ. ನಮ್ಮ ಗೌರಿಬಿದನೂರಿನಲ್ಲೇ ಅಂಥ ಕಂಪನ ಮಾಪಕಗಳ ಸಾಲು ಇದೆ. ದೂರದ ಅಣುಸ್ಫೋಟಗಳನ್ನು ಹಿಡಿಯಲೆಂದು 1960ರ ದಶಕದಲ್ಲಿ ಕಟ್ಟಿದ್ದು, ಭಾಭಾ ಅಣು ಸಂಶೋಧನಾ ಕೇಂದ್ರ ನೋಡಿಕೊಳ್ಳುತ್ತದೆ.

2016ರ ಜನವರಿ 6ರಂದು "ಹೈಡ್ರೋಜನ್ ಬಾಂಬ್ ಸಿಡಿಸಿದೆವು" ಅಂತ ಪ್ಯೊಂಗ್ಯಾಂಗ್ ಘೋಷಿಸಿತು. ಸಾಮಾನ್ಯ ಅಣುಬಾಂಬಿಗಿಂತ ಎಷ್ಟೋ ಪಟ್ಟು ಬಲದ್ದು ಅದು. ಕಂಪನ 5.1. ಮೂರು ವರ್ಷ ಹಿಂದಿನ ಸಾಮಾನ್ಯ ಅಣುಬಾಂಬಿಗೂ 5.1 ಬಂದಿತ್ತು. ಅಂಕಿ ಏರದೆ ಹೈಡ್ರೋಜನ್ ಬಾಂಬ್ ಎಲ್ಲಿಂದ ಬರಬೇಕು ಎಂದು ತಜ್ಞರು ಆಗಲೇ ಕೇಳಿದರು. 2017ರಲ್ಲಿ ಮಾತ್ರ 6.3 ಬಂತು. ಸುಮಾರು ಎಂಟು ನಿಮಿಷದ ಮೇಲೆ ಇನ್ನೊಂದು ಸಣ್ಣ ಕಂಪನ, ಬೆಟ್ಟದ ಒಳಭಾಗ ಕುಸಿದದ್ದು. ಹಿರೋಶಿಮಾ ಬಾಂಬ್ ಸುಮಾರು 15 ಕಿಲೋಟನ್ (ಒಂದು ಕಿಲೋಟನ್ ಅಂದರೆ ಸಾವಿರ ಟನ್ ಟಿಎನ್‌ಟಿ ಸ್ಫೋಟಕದ ಬಲ). ಇದಕ್ಕೆ ಕೊಟ್ಟ ಅಂದಾಜುಗಳಲ್ಲಿ ಹೆಚ್ಚಿನವು 100ರಿಂದ 250 ಕಿಲೋಟನ್‌ವರೆಗೆ ಹರಡಿವೆ. ಎಷ್ಟು ಆಳ, ಎಂಥ ಬಂಡೆ ಎನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ಹಾಗಾಗಿ ಕಿಲೋಟನ್ನಿಗೆ ಒಂದೇ ಅಂಕಿ ಕೊಡುವ ವರದಿಯನ್ನು ಪಕ್ಕಕ್ಕಿಡಿ.

ಹೆಜ್ಜೆ 3: ಎತ್ತರ, ದೂರ, ನಿಮಿಷ

ಎಲ್ಲರೂ ಜಾರುವುದು ಇಲ್ಲೇ. ನಿಧಾನವಾಗಿ ಓದಿ.

2017ರ ನವೆಂಬರ್ 29ರಂದು ಹ್ವಾಸಾಂಗ್-15 ಎಂಬ ಕ್ಷಿಪಣಿ ಹಾರಿತು. 950 ಕಿ.ಮೀ. ದೂರ ಹೋಗಿ ಜಪಾನ್ ಕಡೆಯ ಸಮುದ್ರಕ್ಕೆ ಬಿತ್ತು. "ಅಷ್ಟೇನಾ? ಬೆಂಗಳೂರಿಂದ ಮುಂಬೈಗೆ ಬಸ್ಸು ಓಡುವಷ್ಟು ದೂರ. ಫೇಲ್ ಆಯ್ತು ಬಿಡಿ" ಅಂದವರು ಬೇಕಾದಷ್ಟು ಜನ. ಅವರು ಎತ್ತರ ನೋಡಿರಲಿಲ್ಲ. ಅದು 4,475 ಕಿ.ಮೀ. ಮೇಲಕ್ಕೆ ಹೋಗಿತ್ತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುವುದೇ ಸುಮಾರು 400 ಕಿ.ಮೀ. ಎತ್ತರದಲ್ಲಿ.

ಕ್ರಿಕೆಟ್ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬ್ಯಾಟ್ಸ್‌ಮನ್ ಜೋರಾಗಿ ಬೀಸಿದ ಚೆಂಡು ನೆಟ್ಟಗೆ ಮೇಲೆ ಹೋಗಿ ವಿಕೆಟ್ ಕೀಪರ್ ಕೈಗೆ ಬೀಳುತ್ತದೆ. ಹೊಡೆತದಲ್ಲಿ ಬಲ ಕಡಿಮೆ ಇತ್ತಾ? ಇಲ್ಲ. ಅದೇ ಬಲಕ್ಕೆ ಸರಿಯಾದ ಕೋನ ಸಿಕ್ಕಿದ್ದರೆ ಸಿಕ್ಸರ್. ಉತ್ತರ ಕೊರಿಯಾ ಚಿಕ್ಕ ದೇಶ, ಪೂರ್ವಕ್ಕೆ ಬಿಟ್ಟರೆ ಜಪಾನ್ ಅಡ್ಡ ಬರುತ್ತದೆ. ಅದಕ್ಕೇ ಬೇಕೆಂದೇ ನೆಟ್ಟಗೆ ಮೇಲಕ್ಕೆ ಬಿಡುತ್ತಾರೆ. ಅದೇ ಹ್ವಾಸಾಂಗ್-15 ಸರಿಯಾದ ಕೋನದಲ್ಲಿ ಹಾರಿದ್ದರೆ 13,000 ಕಿ.ಮೀ. ದಾಟುತ್ತಿತ್ತು ಎಂಬುದು ತಜ್ಞರ ಲೆಕ್ಕ.

ನಿಮಿಷಗಳನ್ನೂ ಬರೆದುಕೊಳ್ಳಿ. ಅವತ್ತು ಅದು ಆಕಾಶದಲ್ಲಿ ಇದ್ದದ್ದು ಸುಮಾರು 53 ನಿಮಿಷ. 2024ರ ಅಕ್ಟೋಬರ್ 31ರ ಹ್ವಾಸಾಂಗ್-19 ಸುಮಾರು 86 ನಿಮಿಷ. ನಿಮಿಷ ಜಾಸ್ತಿ ಆದಷ್ಟೂ ಬಲ ಜಾಸ್ತಿ. ಸುದ್ದಿಯಲ್ಲಿ ಬೇರೇನೂ ಸಿಗದಿದ್ದರೂ ಇದೊಂದು ಸಿಕ್ಕರೆ ಸಾಕು.

ಈಗ ದಾರ. ಗ್ಲೋಬಿನ ನಡುವಿಗೆ, ಸಮಭಾಜಕ ರೇಖೆಯ ಮೇಲೆ ಒಂದು ಸುತ್ತು ಹಾಕಿ ಕತ್ತರಿಸಿ. ಅದು 40,000 ಕಿ.ಮೀ. ನಾಲ್ಕಾಗಿ ಮಡಚಿದರೆ ಒಂದು ಮಡಿಕೆ 10,000. ಪ್ಯೊಂಗ್ಯಾಂಗಿನಿಂದ ವಾಷಿಂಗ್ಟನ್‌ಗೆ ಬಿಗಿಯಾಗಿ ಎಳೆಯಿರಿ. ಒಂದು ಮಡಿಕೆಗಿಂತ ಸ್ವಲ್ಪ ಜಾಸ್ತಿ, ಸುಮಾರು 11,000 ಕಿ.ಮೀ. ದಾರ ಪೆಸಿಫಿಕ್ ದಾಟುವುದಿಲ್ಲ, ಉತ್ತರ ಧ್ರುವದ ಕಡೆಯಿಂದ ಹೋಗುತ್ತದೆ. ಚಪ್ಪಟೆ ಮ್ಯಾಪಿನ ಮೇಲೆ ಕೆಂಪು ಬಳೆ ಬರೆದವರಿಗೆ ಇದು ಕಾಣುವುದೇ ಇಲ್ಲ. ಅಂಥ ಮ್ಯಾಪ್ ಬಂದರೆ ಫಾರ್ವರ್ಡ್ ಮಾಡಬೇಡಿ, ಅಳಿಸಿ. ಬೆಂಗಳೂರಿಗೂ ಎಳೆದು ನೋಡಿ: ಸುಮಾರು 5,500 ಕಿ.ಮೀ.

ಒಂದು ಎಚ್ಚರಿಕೆ. ಪರೀಕ್ಷೆಯಲ್ಲಿ ತುದಿಗೆ ಎಷ್ಟು ಭಾರ ಇಟ್ಟಿದ್ದರು ಅನ್ನುವುದು ಹೊರಗೆ ತಿಳಿಯುವುದಿಲ್ಲ. ಹಗುರವಿದ್ದರೆ ದೂರ ಹೋಗುತ್ತದೆ, ನಿಜವಾದ ಬಾಂಬಿನ ತೂಕಕ್ಕೆ ದೂರ ಇಳಿಯುತ್ತದೆ. ಆದ್ದರಿಂದ 13,000ದ ಪಕ್ಕ "ಹಗುರವಿದ್ದರೆ" ಅಂತ ಬರೆಯಿರಿ.

ಹೆಜ್ಜೆ 4: ವಿಡಿಯೊದಲ್ಲಿ ನೆರಳು ನೋಡಿ

2022ರ ಮಾರ್ಚ್ 24ರ ಉಡಾವಣೆಯ ವಿಡಿಯೊದಲ್ಲಿ ಕಿಮ್ ಲೆದರ್ ಜಾಕೆಟ್, ಕಪ್ಪು ಕನ್ನಡಕ ಹಾಕಿಕೊಂಡು ಸ್ಲೋ ಮೋಷನ್‌ನಲ್ಲಿ ನಡೆದು ಬಂದರು. ಹೊಸ ಹ್ವಾಸಾಂಗ್-17 ಹಾರಿತು ಅಂದರು. ಉಡಾವಣೆ ನಡೆದದ್ದು ಮಧ್ಯಾಹ್ನ, ಮೋಡ ಮುಸುಕಿದ ಹೊತ್ತಿನಲ್ಲಿ. ವಿಡಿಯೊದ ನೆರಳುಗಳು ಬೆಳಗಿನವು. ಹಾರಿದ್ದು ಹಳೆಯ ಹ್ವಾಸಾಂಗ್-15, ತೋರಿಸಿದ್ದು ಬೇರೆ ದಿನದ ಚಿತ್ರ ಎಂದು ದಕ್ಷಿಣ ಕೊರಿಯಾದ ಸೇನೆ ಹೇಳಿತು.

ಹೆಜ್ಜೆ 5: ದುಡ್ಡು ಎಲ್ಲಿಂದ ಬಂತು?

2006ರಿಂದ ವಿಶ್ವಸಂಸ್ಥೆಯ ನಿರ್ಬಂಧ ಇದೆ. ಆದರೂ ದುಡ್ಡು ಬರುತ್ತದೆ. ನಿರ್ಬಂಧಕ್ಕೂ ಮುಂಚೆ, 1999ರ ಜೂನ್‌ನಲ್ಲಿ, ಕಾರ್ಗಿಲ್ ಯುದ್ಧ ನಡೆಯುತ್ತಿದ್ದಾಗಲೇ, ಗುಜರಾತಿನ ಕಾಂಡ್ಲಾ ಬಂದರಿನಲ್ಲಿ ನಮ್ಮ ಕಸ್ಟಮ್ಸ್‌ನವರು ಒಂದು ಉತ್ತರ ಕೊರಿಯಾದ ಹಡಗು ತಡೆದರು. ಒಳಗೆ ಕ್ಷಿಪಣಿಯ ಬಿಡಿಭಾಗಗಳಿದ್ದವು. ಆಗ ಕ್ಷಿಪಣಿ ಮಾರಿ ದುಡ್ಡು, ಈಗ ಕಂಪ್ಯೂಟರ್ ಕಳವು. 2016ರಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಿಂದ 8.1 ಕೋಟಿ ಡಾಲರ್ ಹೋಯಿತು. 2025ರಲ್ಲಿ ಬೈಬಿಟ್ ಎಂಬ ಕ್ರಿಪ್ಟೊ ಸಂಸ್ಥೆಯಿಂದ ಸುಮಾರು 150 ಕೋಟಿ ಡಾಲರ್. ಎರಡೂ ಉತ್ತರ ಕೊರಿಯಾದವರ ಕೆಲಸ ಅನ್ನುತ್ತದೆ ಅಮೆರಿಕ. ಬಾಂಗ್ಲಾದೇಶವೂ ಬಡ ದೇಶವೇ ಅಲ್ವಾ?

ಹೆಜ್ಜೆ 6: ಊಟದ ಕಾಲಂ

ಅಲ್ಲಿನ ಜನರಿಗೆ ಊಟ ಸಿಗುತ್ತಿದೆಯಾ ಅಂತ ಬರೆಯಲು ನೋಟ್‌ಬುಕ್ಕಿನಲ್ಲಿ ಒಂದು ಕಾಲಂ ಖಾಲಿ ಬಿಟ್ಟಿರಬೇಕು. ಟಿವಿಯಲ್ಲಿ ಇದನ್ನು ಯಾರೂ ತುಂಬಿಕೊಡುವುದಿಲ್ಲ, ನೀವೇ ಹುಡುಕಿ ತುಂಬಿ. ನನ್ನ 2017ರ ಪುಟ ಹೀಗಿದೆ:

ಸೆಪ್ಟೆಂಬರ್ 3: ಕಂಪನ 6.3.
ನವೆಂಬರ್ 29: ಎತ್ತರ 4,475, ದೂರ 950, ನಿಮಿಷ 53.
ಊಟ: ವಿಶ್ವಸಂಸ್ಥೆಯ ಪ್ರಕಾರ ಸಾಕಷ್ಟು ಆಹಾರ ಸಿಗದವರು 1.05 ಕೋಟಿ, ಐದು ಜನರಲ್ಲಿ ಇಬ್ಬರು. ನವೆಂಬರ್ 13ರಂದು ಗಡಿ ದಾಟಿ ದಕ್ಷಿಣ ಕೊರಿಯಾಕ್ಕೆ ಓಡಿಬಂದ ಉತ್ತರದ ಸೈನಿಕನಿಗೆ ಗುಂಡೇಟು. ದಕ್ಷಿಣದ ವೈದ್ಯರು ಹೊಟ್ಟೆ ಸೀಳಿದಾಗ ಸಿಕ್ಕಿದ್ದು ಮೆಕ್ಕೆಜೋಳದ ಕಾಳು ಮತ್ತು ಜಂತುಹುಳಗಳು. ಉದ್ದದ ಹುಳ 27 ಸೆಂ.ಮೀ.