ಮೊದಲು ಬಚ್ಚಲು, ಸೋಲಾರ್ ಆಮೇಲೆ

ಶಿವಮೊಗ್ಗದಲ್ಲಿದ್ದುಕೊಂಡು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಳೆ ಮನೆಗಳ ರಿಪೇರಿ ಮಾಡಿಸಿಕೊಡುವುದು ನನ್ನ ಕಸುಬು. ಈಗೀಗ ಫೋನ್ ಮಾಡುವವರ ಮೊದಲ ಮಾತೇ ಸೋಲಾರ್. "ಕರೆಂಟ್ ಉಳಿಯೋ ಹಾಗೆ ಮನೆ ಸರಿ ಮಾಡಿಸ್ಬೇಕು, ಸೋಲಾರ್ ಹಾಕಿಸಿದ್ರೆ ಆಯ್ತಲ್ವಾ?" ಅಂತ ಕೇಳುತ್ತಾರೆ. ನಾನು ಮೊದಲು ಕರೆಂಟ್ ಬಿಲ್ ತೋರಿಸಿ ಅನ್ನುತ್ತೇನೆ. ಆಮೇಲೆ ಬಚ್ಚಲುಮನೆ ನೋಡುತ್ತೇನೆ.

ಬಿಲ್ ಯಾಕೆ ಅಂದರೆ, ಗೃಹಜ್ಯೋತಿ ಬಂದ ಮೇಲೆ ನಮ್ಮ ಕಸುಬಿನ ಲೆಕ್ಕವೇ ಬದಲಾಗಿದೆ. 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದರೋ ಅದಕ್ಕೆ ಇನ್ನೊಂದಿಷ್ಟು ಸೇರಿಸಿ ಅಷ್ಟು ಯೂನಿಟ್ ಉಚಿತ. ಅದಕ್ಕಿಂತ ಸ್ವಲ್ಪ ಜಾಸ್ತಿಯಾದರೆ ಜಾಸ್ತಿಯಾದದ್ದಕ್ಕೆ ಮಾತ್ರ ದುಡ್ಡು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ನಾನು ಹೋಗುವ ಹಳ್ಳಿಮನೆಗಳಲ್ಲಿ ಹೆಚ್ಚಿನವರ ಬಿಲ್ ಸೊನ್ನೆ. ಅಂಥವರ ಮುಂದೆ ಕೂತು "ಇದು ಹಾಕಿಸಿ, ಬಿಲ್ ಉಳಿಯುತ್ತೆ" ಅಂತ ಹೇಳುವುದು ಸರಿಯಲ್ಲ. ಪೇಟೆಯ ಕಥೆ ಬೇರೆ. ವಿನೋಬನಗರದಲ್ಲಿ ಒಂದು ಮನೆ, ನಾಲ್ಕು ಜನ, ಮಳೆಗಾಲ ಬಂತು ಅಂದರೆ 200 ದಾಟುತ್ತಿತ್ತು. ನೋಡಿದರೆ ಎಲ್ಲ ಗೀಸರಿನದ್ದೇ ಲೆಕ್ಕ. 2,000 ವ್ಯಾಟಿನ ಗೀಸರ್ ದಿನಕ್ಕೆ ಒಂದೂವರೆ ತಾಸು ಉರಿದರೆ 3 ಯೂನಿಟ್, ತಿಂಗಳಿಗೆ 90. ಟಿವಿ, ಲೈಟು, ಫ್ಯಾನು ಅಂತ ಮಕ್ಕಳಿಗೆ ಬೈಯುವ ಬದಲು ಆ ಒಂದು ಸ್ವಿಚ್ಚಿನ ಕಡೆ ನೋಡಿದರೆ ಸಾಕು.

ಹಳ್ಳಿಮನೆಯಲ್ಲಿ ಗೀಸರ್ ಮಾಡುವ ಕೆಲಸವನ್ನು ಬಚ್ಚಲೊಲೆ ಮಾಡುತ್ತದೆ. ಕರೆಂಟ್ ಬಿಲ್ ಸೊನ್ನೆ ಇರಬಹುದು, ಆದರೆ ಸೌದೆ ಸುಮ್ನೆ ಬರುವುದಿಲ್ಲ. ಕಡಿಯಬೇಕು, ಸೀಳಬೇಕು, ಮಳೆಗಾಲಕ್ಕೆ ಮೊದಲೇ ಕೊಟ್ಟಿಗೆಯಲ್ಲಿ ಒಟ್ಟಬೇಕು. ಕೂಲಿಗೆ ಜನ ಸಿಗದ ಕಾಲ ಇದು. ತೀರ್ಥಹಳ್ಳಿ ಹತ್ತಿರದ ಒಂದು ಮನೆಯಲ್ಲಿ ತಾಮ್ರದ ಹಂಡೆ ಹೂತಿದ್ದ ಒಲೆಯ ಬಾಯಿ ಎಷ್ಟು ಅಗಲ ಇತ್ತು ಅಂದರೆ ಇಡೀ ಸೌದೆ ದಿಮ್ಮಿಯನ್ನೇ ತಳ್ಳಬಹುದಿತ್ತು. ಉರಿ ಹಂಡೆಗೆ ತಾಗುವುದಕ್ಕಿಂತ ಹೊರಗೆ ನಾಲಿಗೆ ಚಾಚುವುದೇ ಜಾಸ್ತಿ. ಹಿಂದಿನ ಗೋಡೆ ಮಸಿ, ಮೇಲಿನ ಜಂತಿ ಮಸಿ. ಆ ಮನೆಯ ಅಜ್ಜಿ ಹೇಳಿದ್ದಿಷ್ಟೇ: "ಉಳಿಸೋದು ಎಂತದೋ ನಂಗೆ ಗೊತ್ತಿಲ್ಲ ತಮ್ಮಾ, ಈ ಕಣ್ಣುರಿ ಒಂದು ತಪ್ಸು."

ನಾವು ಮಾಡಿದ್ದು ದೊಡ್ಡ ಕೆಲಸವೇನಲ್ಲ. ಒಲೆಯ ಬಾಯಿ ಕಿರಿದು ಮಾಡಿ, ಮುಚ್ಚಲಿಕ್ಕೆ ತಗಡಿನ ಬಾಗಿಲು ಕೊಟ್ಟೆವು. ಬೆಂಕಿಯ ಕೆಳಗೆ ಕಬ್ಬಿಣದ ಸರಳಿನ ಜಾಲರಿ ಕೂರಿಸಿದೆವು. ಈಗ ಬೂದಿ ಕೆಳಗೆ ಬೀಳುತ್ತದೆ, ಗಾಳಿ ಕೆಳಗಿಂದ ಬರುತ್ತದೆ, ಸೌದೆ ಪೂರ್ತಿ ಉರಿಯುತ್ತದೆ. ಹಂಡೆಯ ಸುತ್ತ ಉರಿ ಸುತ್ತಿ ಬರುವಷ್ಟೇ ಸಂದು ಬಿಟ್ಟು ಉಳಿದದ್ದನ್ನು ಇಟ್ಟಿಗೆ, ಮಣ್ಣಿನಲ್ಲಿ ಕಟ್ಟಿದೆವು. ಹೊಗೆ ಕೊಳವೆಯನ್ನು ಹಂಚಿನ ಮೇಲಕ್ಕೆ ಎತ್ತರಿಸಿ, ತಲೆಗೊಂದು ಟೋಪಿ ಇಟ್ಟೆವು. ಈ ತತ್ವ ನನ್ನದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ತಂಡದವರು ರೂಪಿಸಿದ ಅಸ್ತ್ರ ಒಲೆಯಿಂದ ಕಲಿತದ್ದು. ಆ ಮನೆಯಲ್ಲಿ ಈಗ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆಯಲ್ಲೇ ನೀರು ಕಾಯುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಸುಖ ಕೊಡುವ ರಿಪೇರಿ ನಮ್ಮ ಕಡೆ ಇನ್ನೊಂದಿಲ್ಲ. ಆದರೂ ಇದನ್ನು ಕೇಳಿಕೊಂಡು ಬರುವವರು ತೀರಾ ಕಡಿಮೆ. ಸಬ್ಸಿಡಿ, ಜಾಹೀರಾತು ಎರಡೂ ಸೋಲಾರಿಗಿದೆ, ಬಚ್ಚಲೊಲೆಗೆ ಯಾವುದೂ ಇಲ್ಲ.

ಸೋಲಾರ್ ನೀರಿನ ಹೀಟರ್ ಹಾಕಿಸಬಹುದು, ಬೇಡ ಅನ್ನುವುದಿಲ್ಲ. ಅಕ್ಟೋಬರಿನಿಂದ ಮೇವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಬಿಸಿನೀರು ಹೆಚ್ಚು ಬೇಕಾಗುವುದೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಆ ನಾಲ್ಕು ತಿಂಗಳು ಒಲೆಯೇ ಗತಿ. ಹಾಗಾಗಿ ಹೀಟರ್ ಹಾಕಿಸಿದವರಿಗೂ ಒಲೆ ಒಡೆಯಬೇಡಿ ಅಂತ ಹೇಳುತ್ತೇನೆ.

ಇನ್ನು ಮನೆಯ ಮಾಡು, ಅಂದರೆ ಛಾವಣಿ. ಆರ್‌ಸಿಸಿ ಮನೆಯವರು ಸೋರುತ್ತದೆ ಅಂತ ಮೇಲೆ ಕಬ್ಬಿಣದ ಚೌಕಟ್ಟಿನ ಟ್ರಸ್ ಹಾಕಿ ಶೀಟ್ ಹೊದಿಸುತ್ತಾರೆ. ಅಡಿಕೆ, ಬಟ್ಟೆ ಒಣಗಿಸಲಿಕ್ಕೂ ಆಗುತ್ತದೆ. ಇದನ್ನು ಯಾರೂ ಕರೆಂಟ್ ಉಳಿಸುವ ಕೆಲಸ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಅದು ಅದೇ. ಬೇಸಿಗೆಯ ಬಿಸಿಲು ಸ್ಲ್ಯಾಬಿಗೆ ಬೀಳುವುದಿಲ್ಲ, ರಾತ್ರಿ ಕೋಣೆ ಕಾಯುವುದಿಲ್ಲ. ಒಂದೇ ಷರತ್ತು, ಸುತ್ತ ಗಾಳಿ ಆಡಬೇಕು. ಕೆಲವರು ನಾಲ್ಕೂ ಕಡೆ ಶೀಟ್ ಮುಚ್ಚಿಸಿ ಗೋದಾಮು ಮಾಡಿಕೊಳ್ಳುತ್ತಾರೆ. ಆಗ ಒಳಗೆ ಕಟ್ಟಿಕೊಂಡ ಕಾವು ಕೆಳಗಿಳಿಯುತ್ತದೆ. ಮಳೆ ಹೊಡೆಯುವ ಪಶ್ಚಿಮದ ಕಡೆ ಸೂರು ಮೂರಡಿಯಾದರೂ ಮುಂದೆ ಚಾಚಬೇಕು. ಹಿಂದೆ ಮಳೆಗಾಲಕ್ಕೆ ಮೊದಲು ಆ ಗೋಡೆಗೆ ಸೋಗೆ ತಟ್ಟಿ ಕಟ್ಟುತ್ತಿದ್ದದ್ದು ಇದಕ್ಕೇ. ನೆನೆದ ಗೋಡೆ ತಿಂಗಳುಗಟ್ಟಲೆ ಥಂಡಿ ಬಿಡುತ್ತದೆ, ಬಟ್ಟೆ ಒಣಗುವುದಿಲ್ಲ, ಕೊನೆಗೆ ಹೀಟರ್ ಹಚ್ಚುತ್ತಾರೆ. ಹಂಚಿನ ಮನೆಯವರಿಗೆ ಬಿಸಿಲಿನ ಕಾವು ತಡೆಯುವ ಕೆಲಸವನ್ನು ಅಟ್ಟವೇ ಮಾಡುತ್ತದೆ. ದಯವಿಟ್ಟು ಅಟ್ಟ ತೆಗೆಸಬೇಡಿ. ಅಡುಗೆಮನೆ ಕತ್ತಲಾದರೆ ಎರಡು ಗಾಜಿನ ಹಂಚು ಹಾಕಿಸಿ, ಹಗಲು ಲೈಟೇ ಬೇಡ.

ಫ್ಯಾನ್ ವಿಷಯದಲ್ಲಿ ಜನರೇ ನನಗೆ ಕಲಿಸಿದರು. ಸಾಧಾರಣ ಫ್ಯಾನ್ 75 ವ್ಯಾಟ್ ತಿನ್ನುತ್ತದೆ, ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಮೋಟಾರಿನ ಫ್ಯಾನ್ 30ರ ಆಸುಪಾಸು. ಬಿಲ್ ಉಳಿಯುತ್ತೆ ಅಂದರೆ ಯಾರೂ ತಿರುಗಿ ನೋಡಲಿಲ್ಲ. "ಕರೆಂಟ್ ಹೋದಾಗ ಇನ್ವರ್ಟರಿನಲ್ಲಿ ಎರಡು ಪಟ್ಟು ಹೊತ್ತು ತಿರುಗುತ್ತೆ" ಅಂದ ಕೂಡಲೇ ನಾಲ್ಕು ಕೊಡಿ ಅಂದರು. ಲೈನಿನ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದ ಊರುಗಳಿವು. ಇಲ್ಲಿ ಉಳಿತಾಯ ಅಂದರೆ ಬ್ಯಾಟರಿಯ ಉಳಿತಾಯ.

ಅದೇ ಕಾರಣಕ್ಕೆ ಕರೆಂಟ್ ಕೊಡುವ ಸೋಲಾರ್ ಪ್ಯಾನಲ್ ಬಗ್ಗೆ ಒಂದು ಮಾತನ್ನು ಬಿಡಿಸಿ ಹೇಳಲೇಬೇಕು. ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಮತ್ತು ಅದಕ್ಕಿಂತ ಮೇಲೆ 78,000 ರೂಪಾಯಿ ಸಬ್ಸಿಡಿ ಇದೆ. ಒಳ್ಳೆಯದೇ. ಆದರೆ ಮೆಸ್ಕಾಂ ಲೈನಿಗೆ ಜೋಡಿಸುವ, ಬ್ಯಾಟರಿ ಇಲ್ಲದ ಸಿಸ್ಟಮ್ ಕರೆಂಟ್ ಹೋದಾಗ ತಾನೂ ನಿಂತುಬಿಡುತ್ತದೆ. ನೆತ್ತಿಯ ಮೇಲೆ ಬಿಸಿಲಿದ್ದರೂ ಅಷ್ಟೇ. ಲೈನ್‌ಮನ್ ಕಂಬದ ಮೇಲೆ ಇದ್ದಾಗ ನಮ್ಮ ಮನೆಯಿಂದ ಕರೆಂಟ್ ಹರಿಯಬಾರದು ಅಂತ ಅದನ್ನು ಹಾಗೆ ಮಾಡಿರುತ್ತಾರೆ. ಸುಮಾರು ಜನ ಇದು ಗೊತ್ತಿಲ್ಲದೆ ಅಡ್ವಾನ್ಸ್ ಕೊಟ್ಟಿರುತ್ತಾರೆ. ಮಾರುವವರು ಇದನ್ನು ಮೊದಲೇ ಹೇಳದಿದ್ದರೆ ನನಗೆ ಸಿಟ್ಟು ಬರುತ್ತದೆ.

ಜಾಗವನ್ನೂ ನೋಡಬೇಕು. ಒಳ್ಳೆ ಬಿಸಿಲಿನ ದಿನ 1 ಕಿಲೋವ್ಯಾಟಿಗೆ 4 ಯೂನಿಟ್ ಬರುತ್ತದೆ. ಮನೆ ಪಕ್ಕ ತೋಟ ಇದ್ದು ಅಡಿಕೆ ಮರದ ನೆರಳು ಒಂದು ಪ್ಯಾನಲ್ ಮೇಲೆ ಬಿದ್ದರೂ ಅದರ ಜೊತೆಗಿರುವ ಸಾಲೆಲ್ಲ ಸೊರಗಬಹುದು. ಮಳೆಗಾಲ ಮುಗಿದ ಮೇಲೆ ಅಂಚಿನಲ್ಲಿ ಪಾಚಿ ಕಟ್ಟಿರುತ್ತದೆ, ಒರೆಸಬೇಕು. ಬಿಲ್ ಸೊನ್ನೆ ಇದ್ದು, ನೆರಳೂ ಇದ್ದ ಮನೆಗೆ ನಾನು ಸೋಲಾರ್ ಹಾಕಿಸಿಕೊಡುವುದಿಲ್ಲ. ಪೇಟೆಯಲ್ಲಿ ಎಸಿ ಇರುವ, ತಿಂಗಳಿಗೆ 300 ಯೂನಿಟ್ ದಾಟುವ ಮನೆಗೆ ಧೈರ್ಯವಾಗಿ ಹಾಕಿಸಿ ಅನ್ನುತ್ತೇನೆ.

ದುಡ್ಡಿನ ಮಾತು. ನಮ್ಮ ಕಡೆ ಮನೆ ಕೆಲಸ ನಡೆಯುವುದು ಅಡಿಕೆ ಮಾರಿದ ಮೇಲೆ. ಧಾರಣೆ ಏರಲಿ ಅಂತ ಕಾದು, ಏಪ್ರಿಲ್ ಕೊನೆಗೆ ಎಲ್ಲರೂ ಒಟ್ಟಿಗೆ ಫೋನ್ ಮಾಡುತ್ತಾರೆ. ಆಗ ಟ್ರಸ್ ಕಟ್ಟುವವರೂ ಸಿಗುವುದಿಲ್ಲ, ಹಂಚು ಕೈಯಾಡಿಸುವವರೂ ಸಿಗುವುದಿಲ್ಲ. ಬಚ್ಚಲೊಲೆ ಕಟ್ಟಬಲ್ಲ ಗಾರೆಯವರಂತೂ ಬೆರಳೆಣಿಕೆಯಷ್ಟು. ಹೊಸನಗರದ ಇಬ್ಬರು ಹುಡುಗರು ಈಗ ನನ್ನ ಜೊತೆ ಆ ಕೆಲಸ ಕಲಿಯುತ್ತಿದ್ದಾರೆ. ಒಲೆ ಕೆಲಸಕ್ಕೆ ದೊಡ್ಡ ದುಡ್ಡು ಬೇಡ, ಅಡಿಕೆ ಮಾರುವ ತನಕ ಕಾಯುವುದೂ ಬೇಡ. ಸಂಕ್ರಾಂತಿ ಕಳೆದ ಕೂಡಲೇ ಹೇಳಿದರೆ ಮಳೆಗೆ ಮೊದಲೇ ಮಣ್ಣು ಒಣಗಿ ಒಲೆ ಗಟ್ಟಿಯಾಗಿರುತ್ತದೆ.