ಮೊದಲು ಕಾಗದ, ಆಮೇಲೆ ಗುದ್ದಲಿ

ಮಣ್ಣಿನೊಳಗಿನ ಲೋಹ ಪತ್ತೆ ಮಾಡುವ ಡಿಟೆಕ್ಟರ್ ಕೊಂಡ ಮೊದಲ ವರ್ಷ ನನಗೊಂದು ಬೆಳ್ಳಿ ನಾಣ್ಯ ಸಿಕ್ಕಿತು. ಅದು ಒಂದು ಸ್ನೇಹವನ್ನೇ ತಿಂದುಹಾಕಿತು.

ಪರಿಚಯದವರ ಹೊಲ. ಕೊಯ್ಲು ಮುಗಿದಿತ್ತು. ಹುಡುಕಬಹುದಾ ಅಂತ ಕೇಳಿದ್ದಕ್ಕೆ, "ಹೋಗಿ ನೋಡಿ, ಅಲ್ಲೇನಿರುತ್ತೆ" ಅಂದರು. ಸಿಕ್ಕಿದ್ದು ಯಾರಿಗೆ ಅಂತ ನಾನೂ ಕೇಳಲಿಲ್ಲ, ಅವರೂ ಎತ್ತಲಿಲ್ಲ. ಮೂರನೇ ದಿನ ನಾಣ್ಯ ಸಿಕ್ಕಿತು. ಓಡಿಹೋಗಿ ತೋರಿಸಿದೆ, ಇಬ್ಬರೂ ಖುಷಿಪಟ್ಟೆವು. ಸಂಜೆ ಅವರ ಅಣ್ಣ ಬಂದರು. "ಜಮೀನು ಇಬ್ಬರ ಹೆಸರಲ್ಲಿದೆ. ನನ್ನನ್ನ ಯಾರು ಕೇಳಿದ್ರು?" ಅವರ ಮಾತು ಸರಿಯಾಗೇ ಇತ್ತು. ನಾಣ್ಯವನ್ನು ಅಲ್ಲೇ ಕೊಟ್ಟು ಬಂದೆ. ಆದರೆ ಅಣ್ಣ ತಮ್ಮಂದಿರ ನಡುವೆ ಹೊಗೆಯಾಡುತ್ತಿದ್ದ ಏನೋ ಒಂದು ಆ ನೆಪದಲ್ಲಿ ಹೊತ್ತಿಕೊಂಡಿತು. ಆ ಮನೆಗೆ ನಾನು ಮತ್ತೆ ಹೋಗಲಾಗಲಿಲ್ಲ.

ಆಮೇಲೆ ಕಾಗದ ಇಲ್ಲದೆ ಒಂದು ಹೊಲಕ್ಕೂ ಇಳಿದಿಲ್ಲ. ದೊಡ್ಡ ದಸ್ತಾವೇಜು ಬೇಕಿಲ್ಲ, ಒಂದು ಹಾಳೆ ಸಾಕು. ಜಮೀನು ಯಾರ್‍ಯಾರ ಹೆಸರಲ್ಲಿದೆ, ಗೇಣಿಗೆ ಮಾಡುವವರು ಯಾರಾದರೂ ಇದ್ದಾರಾ, ಯಾವ ಭಾಗದಲ್ಲಿ ಹುಡುಕಬಹುದು, ಯಾವ ತಿಂಗಳವರೆಗೆ. ಸಿಕ್ಕಿದ್ದರಲ್ಲಿ ಯಾರ ಪಾಲು ಎಷ್ಟು. ಇಷ್ಟು ಬರೆದು ಎಲ್ಲರ ಸಹಿ. ನನ್ನದೇ ಒಂದು ಸಾಲು ಜಾಸ್ತಿ ಇರುತ್ತದೆ: ಕಾನೂನಿನ ಪ್ರಕಾರ ಸರ್ಕಾರಕ್ಕೆ ತಿಳಿಸಬೇಕಾದ ವಸ್ತು ಸಿಕ್ಕರೆ ತಿಳಿಸಿಯೇ ತಿಳಿಸುತ್ತೇನೆ, ಅದರಲ್ಲಿ ರಾಜಿ ಇಲ್ಲ. ಈ ಸಾಲು ಓದಿ ಒಬ್ಬರು ಹಾಳೆ ವಾಪಸ್ ಕೊಟ್ಟರು. ಅಲ್ಲಿಗೆ ನಾನು ಹೋಗಲಿಲ್ಲ. ಅವರು ಮೊದಲೇ ಹೇಳಿದ್ದು ಒಳ್ಳೆಯದೇ ಆಯಿತು.

ಯಾಕೆಂದರೆ ಪಾಲು ನಾವಿಬ್ಬರೇ ಕೂತು ಮಾತಾಡಿಕೊಂಡರೆ ಮುಗಿಯುವುದಿಲ್ಲ. ಸರ್ಕಾರ ಮೂರನೆಯದಾಗಿ ಇದ್ದೇ ಇರುತ್ತದೆ. ಒಂದೊಂದು ದೇಶದಲ್ಲಿ ಒಂದೊಂದು ಲೆಕ್ಕ. ಇಂಗ್ಲೆಂಡಿನ 1996ರ ಕಾಯ್ದೆಯಲ್ಲಿ 300 ವರ್ಷಕ್ಕಿಂತ ಹಳೆಯ, ನೂರಕ್ಕೆ ಹತ್ತರಷ್ಟಾದರೂ ಚಿನ್ನವೋ ಬೆಳ್ಳಿಯೋ ಇರುವ ವಸ್ತು (ಒಂಟಿ ನಾಣ್ಯ ಬಿಟ್ಟು) ಸಿಕ್ಕರೆ ಅದು ನಿಧಿ. 14 ದಿನದೊಳಗೆ ತಿಳಿಸಬೇಕು. ಮ್ಯೂಸಿಯಂ ಅದನ್ನು ತೆಗೆದುಕೊಂಡರೆ ಬಹುಮಾನ ಬರುತ್ತದೆ, ಸಾಮಾನ್ಯವಾಗಿ ಹುಡುಕಿದವರಿಗೂ ಜಮೀನಿನವರಿಗೂ ಅರ್ಧರ್ಧ. ಐರ್ಲೆಂಡಿನಲ್ಲಿ ಅನುಮತಿ ಇಲ್ಲದೆ ಡಿಟೆಕ್ಟರ್ ಹಿಡಿದು ಪುರಾತನ ವಸ್ತು ಹುಡುಕುವುದೇ ಅಪರಾಧ, ಏನೂ ಸಿಗದಿದ್ದರೂ ಅಪರಾಧ. ಭಾರತದ 1878ರ ನಿಧಿ ಕಾಯ್ದೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಮಣ್ಣಲ್ಲಿ ಸಿಕ್ಕರೆ ಕಲೆಕ್ಟರಿಗೆ ಬರೆದು ತಿಳಿಸಬೇಕು ಅನ್ನುತ್ತದೆ. ಮುಚ್ಚಿಟ್ಟರೆ ಪಾಲೂ ಹೋಗುತ್ತದೆ, ಒಂದು ವರ್ಷದವರೆಗೆ ಜೈಲೂ ಆಗಬಹುದು. ರಾಜ್ಯಗಳದ್ದೇ ಕಾಯ್ದೆಗಳೂ ಇವೆ, ಅದಕ್ಕೇ ನಿಮ್ಮ ಕಡೆಯ ನಿಯಮವನ್ನು ನೀವೇ ಓದಿ. ಸಂರಕ್ಷಿತ ಸ್ಮಾರಕ, ಅದರ ಸುತ್ತಲಿನ ಜಾಗಕ್ಕಂತೂ ಡಿಟೆಕ್ಟರ್ ಒಯ್ಯಲೇಬೇಡಿ. ಅಲ್ಲಿ ಜಮೀನಿನವರು ಹೂಂ ಅಂದರೂ ಆ ಮಾತಿಗೆ ಬೆಲೆ ಇಲ್ಲ.

ಆರನೇ ವರ್ಷದಲ್ಲಿ ನಡೆದ ಇನ್ನೊಂದು ವಿಷಯ ಹೇಳಬೇಕು. ಹಳೆಯ ಕಲ್ಲುಗೋಡೆಯ ಪಕ್ಕದ ಹೊಲ, ಕಾಗದ ಆಗಿತ್ತು. ಡಿಟೆಕ್ಟರಿನ ತುದಿಯ ತಟ್ಟೆಯನ್ನು, ಅಂದರೆ ಕಾಯಿಲನ್ನು, ನೆಲಕ್ಕೆ ತಾಗುವಷ್ಟು ಹತ್ತಿರ ಹಿಡಿದು, ಒಂದು ಬೀಸಿನ ಮೇಲೆ ಇನ್ನೊಂದು ಅರ್ಧ ಬೀಳುವ ಹಾಗೆ ನಿಧಾನಕ್ಕೆ ಸಾಗುತ್ತಿದ್ದೆ. ಮೊಳೆ, ಲಾಳ, ನೇಗಿಲಿನ ತುಂಡು, ಬರೀ ಕಬ್ಬಿಣ. ಹೆಡ್‌ಫೋನಿನಲ್ಲಿ ಆ ಒಡಕು ಸದ್ದು ಕೇಳಿ ಕೇಳಿ ಸಾಕಾಗಿತ್ತು. ಗೋಡೆಯ ಮೂಲೆಗೆ ಬಂದಾಗ ಸದ್ದು ಬದಲಾಯಿತು. ಸ್ವಚ್ಛ, ಗಟ್ಟಿ ಸದ್ದು. ಯಾವ ಕಡೆಯಿಂದ ಬೀಸಿದರೂ ಅದೇ.

ಒಂದು ಗೇಣು ಅಗೆದೆ. ಉತ್ತ ಮಣ್ಣು ಅಲ್ಲಿಗೆ ಮುಗಿದು ಕೆಳಗಿನ ಗಟ್ಟಿ ಮಣ್ಣು ಶುರುವಾಯಿತು. ಬೆರಳಿನಿಂದ ಕೆದಕಿದಾಗ ಮಣ್ಣು ಹಸಿರಾಗಿತ್ತು. ತಾಮ್ರ ನೂರಾರು ವರ್ಷ ಮಣ್ಣಲ್ಲಿ ಕೂತರೆ ಸುತ್ತಲಿನ ಮಣ್ಣಿಗೂ ಆ ಬಣ್ಣ ಇಳಿಯುತ್ತದೆ. ಇನ್ನೊಂದು ಸ್ವಲ್ಪ ಸರಿಸಿದೆ. ಮಡಕೆಯ ಬಾಯಿಯ ಅಂಚು, ಒಳಗೆ ಒಂದಕ್ಕೊಂದು ಅಂಟಿಕೊಂಡ ನಾಣ್ಯಗಳು. ಮೇಲಿನದೊಂದನ್ನು ಆಗಲೇ ಎತ್ತಿಬಿಟ್ಟಿದ್ದೆ. ಅದರ ಒಂದು ಮುಖದ ಮೇಲೆ ನೇಯ್ದ ಬಟ್ಟೆಯ ಎಳೆಗಳ ಗುರುತು ಇತ್ತು, ಹಾಸು ಹೊಕ್ಕು ಎಣಿಸಬಹುದಾದಷ್ಟು ಸ್ಪಷ್ಟ. ಬಟ್ಟೆ ಕರಗಿ ಹೋಗಿತ್ತು, ಅದರ ಅಚ್ಚು ಮಾತ್ರ ಉಳಿದಿತ್ತು. ನನ್ನ ಹೆಬ್ಬೆರಳು ತಾಗಿದ ಕಡೆ ಆ ಅಚ್ಚು ಅಳಿಸಿಹೋಗಿತ್ತು.

ಅಲ್ಲಿಗೆ ನಿಲ್ಲಿಸಿದೆ. ನಾಣ್ಯವನ್ನು ಅದೇ ಮಣ್ಣಿನ ಸಮೇತ ಡಬ್ಬಿಗೆ ಹಾಕಿದೆ, ಉಜ್ಜಲಿಲ್ಲ, ತೊಳೆಯಲಿಲ್ಲ. ಗುಂಡಿಯ ಫೋಟೋ ತೆಗೆದು, ಜಾಗದ ಜಿಪಿಎಸ್ ಬರೆದುಕೊಂಡೆ. ಗುಂಡಿ ಮುಚ್ಚಿ ಹೊಲದ ಯಜಮಾನರಿಗೆ ಫೋನ್ ಮಾಡಿದೆ, ಇಬ್ಬರೂ ಸೇರಿ ಪುರಾತತ್ವದವರಿಗೆ ತಿಳಿಸಿದೆವು. ಅವರು ಬರುವವರೆಗೆ ಎರಡು ರಾತ್ರಿ ಯಾರಿಗೂ ಬಾಯಿಬಿಡದೆ ಇರುವುದು ಸುಲಭವಲ್ಲ. ಎಲ್ಲಕ್ಕಿಂತ ಕಷ್ಟದ ಭಾಗ ಅದೇ.

ಆಗ ನನಗೆ ಹಾಕ್ಸ್‌ನ್ ನೆನಪು. 1992ರಲ್ಲಿ ಇಂಗ್ಲೆಂಡಿನ ಆ ಊರಿನಲ್ಲಿ ಒಬ್ಬರು ರೈತನ ಕಳೆದುಹೋದ ಸುತ್ತಿಗೆ ಹುಡುಕಲು ಹೋಗಿ ರೋಮನ್ ನಿಧಿ ಕಂಡರು. ಸ್ವಲ್ಪ ತೆಗೆದ ಮೇಲೆ ನಿಲ್ಲಿಸಿ ತಿಳಿಸಿದರು. ಸುಮಾರು 15,000 ನಾಣ್ಯ ಸಿಕ್ಕವು. ಅಷ್ಟೇ ಅಲ್ಲ, ಉಳಿದದ್ದನ್ನು ತಜ್ಞರೇ ಅಗೆದಿದ್ದರಿಂದ ಅದೆಲ್ಲ ಒಂದು ಮರದ ಪೆಟ್ಟಿಗೆಯಲ್ಲಿತ್ತು, ಒಳಗೆ ಸಣ್ಣ ಸಣ್ಣ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟಿದ್ದರು ಅಂತ ತಿಳಿಯಿತು. ಮರ ಕೊಳೆತು ಹೋಗಿತ್ತು, ಆದರೂ ಅದರ ಗುರುತು ಮಣ್ಣಲ್ಲಿ ಉಳಿದಿತ್ತು. ಸುತ್ತಿಗೆಯೂ ಸಿಕ್ಕಿತು, ಅದೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಇದಕ್ಕೆ ತಿರುಗುಮುರುಗಾದದ್ದು 2015ರಲ್ಲಿ ಇಂಗ್ಲೆಂಡಿನದೇ ಹೆರೆಫರ್ಡ್‌ಶೈರ್‌ನಲ್ಲಿ. ಇಬ್ಬರು ನಿಧಿ ಎತ್ತಿ, ಅದರ ಬಹುಪಾಲನ್ನು ತಿಳಿಸದೆ ಮುಚ್ಚಿಟ್ಟು ಮಾರಲು ಹೊರಟರು. 2019ರಲ್ಲಿ ಜೈಲಿಗೆ ಹೋದರು. ಸುಮಾರು 300 ನಾಣ್ಯ ಇದ್ದಿರಬಹುದು ಅಂತ ಅಂದಾಜು, ವಾಪಸ್ ಸಿಕ್ಕಿದ್ದು ಮೂವತ್ತರ ಆಸುಪಾಸು. ಉಳಿದವು ಎಲ್ಲೆಲ್ಲಿ ಹಂಚಿಹೋದವೋ! ಅದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ನಮ್ಮ ಮಡಕೆಯನ್ನು ಪುರಾತತ್ವದವರು ಮಣ್ಣಿನ ಹೆಂಟೆ ಸಮೇತ ಇಡಿಯಾಗಿ ಕತ್ತರಿಸಿ ಎತ್ತಿದರು. ನಾನು ಬದುವಿನ ಮೇಲೆ ಕೂತು ಇಡೀ ದಿನ ನೋಡಿದೆ. ಆಮೇಲೆ ಒಬ್ಬರು ಕರೆದು ತೋರಿಸಿದರು: ನಾಣ್ಯಗಳನ್ನು ಬಟ್ಟೆಯಲ್ಲಿ ಎರಡು ಗಂಟು ಕಟ್ಟಿ ಇಟ್ಟಿದ್ದರಂತೆ, ಮೇಲಿನ ಗಂಟಿನವು ಸವೆದವು, ಕೆಳಗಿನವು ಹೊಸವು. ಕೂಡಿಟ್ಟವರು ಯಾರೋ ಒಳ್ಳೆಯದನ್ನು ಕೆಳಗೆ ಅಡಗಿಸಿದ್ದರು. ನಾನೇ ಗುದ್ದಲಿ ಹಾಕಿ ಬಾಚಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅಲ್ವಾ?

ನಾಣ್ಯಗಳು ಮ್ಯೂಸಿಯಂಗೆ ಹೋದವು. ಬಹುಮಾನ ಬಂದಾಗ ಯಜಮಾನರು ಪೆಟ್ಟಿಗೆಯಿಂದ ನಮ್ಮ ಹಾಳೆ ತೆಗೆದು, ಅದರಲ್ಲಿ ಬರೆದಷ್ಟನ್ನೇ ಎಣಿಸಿ ನನ್ನ ಕೈಗಿಟ್ಟರು. ಹೋಗುವಾಗ, "ಗೋಡೆಯ ಆ ಕಡೆ ಇನ್ನೂ ನೋಡಿಲ್ಲವಲ್ಲ, ಇನ್ನೊಂದು ಹಾಳೆ ತನ್ನಿ" ಅಂದರು.