ಬಿದ್ದ ಪೈನ್ ಕೋನ್ ನೀರಿಗೆ ಹಾಕಿ ನೋಡಿ
ಮರದ ಕೆಳಗೆ ತಾನಾಗಿ ಬಿದ್ದ, ಒಣಗಿ ಅರಳಿರುವ ಪೈನ್ ಕೋನ್ (ಪೈನ್ ಮರದ ಬೀಜ ಹೊರುವ, ಗಟ್ಟಿ ಪಕಳೆಗಳ ಕಾಯಿಯಂಥ ಭಾಗ) ಒಂದನ್ನು ಬೆಚ್ಚಗಿನ ನೀರಿನಲ್ಲಿ ಮುಳುಗಿಸಿ ಮಕ್ಕಳ ಮುಂದಿಡಿ. ತೇಲದಂತೆ ಮೇಲೊಂದು ಸಣ್ಣ ತಟ್ಟೆ ಇಡಿ. ಒಂದೆರಡು ಗಂಟೆಯಲ್ಲಿ ಪಕಳೆಗಳು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ, ಒಣಗಿದರೆ ಮತ್ತೆ ಅರಳುತ್ತವೆ. ನೀರು ಹೀರಿದಾಗ ಪಕಳೆಯ ಹೊರಮೈ ಒಳಮೈಗಿಂತ ಜಾಸ್ತಿ ಹಿಗ್ಗುತ್ತದೆ, ಅದಕ್ಕೇ ಒಳಕ್ಕೆ ಬಾಗುತ್ತದೆ. ಹಗುರ ಬೀಜಗಳು ಒಣ ಹವೆಯಲ್ಲೇ ಹಾರಲಿ ಅಂತ ಮರ ಮಾಡಿಕೊಂಡ ಉಪಾಯ. ಕೋನಿನಲ್ಲಿ ಜೀವವೇ ಇಲ್ಲ, ಆದರೂ ಅಲುಗಾಡುತ್ತದೆ. ಮಕ್ಕಳ ಪ್ರಶ್ನೆ ಶುರುವಾಗುವುದೇ ಅಲ್ಲಿ. ಎಳೆಯ ಹಸಿರು ಕೋನ್ ಅರಳಿರುವುದೇ ಇಲ್ಲ, ಸುಮ್ನೆ ಕೀಳಬೇಡಿ. ವಾರ್ನಿಷ್ ಹಚ್ಚಿದ್ದಕ್ಕೆ ನೀರು ಇಳಿಯುವುದಿಲ್ಲ. ರಕ್ಷಿತ ಕಾಡಿನಿಂದ ತರುವುದು ಬೇಡ. ಮೊದಲು ಕೊಡವಿ ನೋಡಿ: ಸಂದಿಯಲ್ಲಿ ಹುಳ ಇದ್ದರೆ ಅಲ್ಲೇ ಬಿಟ್ಟು ಬೇರೆಯದು ಆರಿಸಿ.